ಬಾ ಎನ್ನುವ ಕೈ

ಏಳು ಐವತ್ತಕ್ಕೆ ಮೊದಲ ಕಾರು ಬರುತ್ತಿತ್ತು. ಎಂಟು ಹದಿನೈದಕ್ಕೆ ಶಾಲೆಯ ಬಾಗಿಲು ಹಾಕುತ್ತಿದ್ದರು. ನಡುವಿನ ಇಪ್ಪತ್ತೈದು ನಿಮಿಷದಲ್ಲಿ ನೂರಹತ್ತು ಕಾರುಗಳು ಒಂದು ಇಕ್ಕಟ್ಟಾದ ಅಂಗಳಕ್ಕೆ ಬಂದು, ಮಕ್ಕಳನ್ನು ಇಳಿಸಿ, ಇನ್ನೊಂದು ಬದಿಯಿಂದ ಹೊರಗೆ ಹೋಗಬೇಕು. ನಾನು ಹಾಸನದ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಸಂಚಾರ ನಿಯಂತ್ರಕನಾಗಿದ್ದವನು. ಬಸ್ಸು ಯಾವ ನಿಮಿಷಕ್ಕೆ ಒಳಗೆ ಬರಬೇಕು, ಯಾವ ನಿಮಿಷಕ್ಕೆ ಹೊರಡಬೇಕು ಎನ್ನುವುದೇ ನನ್ನ ಉದ್ಯೋಗ. ಈ ಸಾಲನ್ನು ಸರಿಮಾಡಲು ಒಂದು ವಾರ ಸಾಕು ಎಂದುಕೊಂಡೆ.

ಶಾಲೆ ಮೊಮ್ಮಗಳದು. ಇಲ್ಲಿ ಅಮೆರಿಕದಲ್ಲಿ ಅಂಥದ್ದನ್ನು ಚಾರ್ಟರ್ ಶಾಲೆ ಎನ್ನುತ್ತಾರೆ. ಸರ್ಕಾರದ್ದೇ, ಫೀಸಿಲ್ಲ, ಆದರೆ ಆಡಳಿತ ಸ್ವಂತದ್ದು. ಸೀಟಿಗೆ ಚೀಟಿ ಎತ್ತುತ್ತಾರೆ. ಚರ್ಚೊಂದರ ಹಿಂದಿನ ಎರಡು ಕೋಣೆಗಳಲ್ಲಿ ಶುರುವಾಗಿದ್ದು ಈಗ ಖಾಲಿಬಿದ್ದಿದ್ದ ಒಂದು ಆಫೀಸು ಕಟ್ಟಡಕ್ಕೆ ಬಂದಿತ್ತು. ವರ್ಷಕ್ಕೊಂದು ತರಗತಿ ಮೇಲಕ್ಕೆ ಸೇರುತ್ತಿತ್ತು. ನಮ್ಮ ಹುಡುಗಿಯ ತರಗತಿಯೇ ಪ್ರತಿ ವರ್ಷ ಎಲ್ಲಕ್ಕಿಂತ ಮೇಲಿನದು. ಆಗ ಅವಳು ಐದನೆಯದರಲ್ಲಿದ್ದಳು.

ಇದಕ್ಕೂ ಮುಂಚೆ ಒಂದು ದೊಡ್ಡ ಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಎರಡನೇ ತರಗತಿಯಲ್ಲಿ ಇಡೀ ವರ್ಷ ಬಾಯಿ ಬಿಡಲಿಲ್ಲ. ಈ ಮಗುವಿಗೆ ಇಂಗ್ಲಿಷ್ ಬರುತ್ತದೆಯೇ ಎಂದು ಅಲ್ಲಿಯ ಟೀಚರು ನನ್ನ ಮಗಳನ್ನು ಕರೆಸಿ ಕೇಳಿದ್ದರು. ಮನೆಯಲ್ಲಿ ಅವಳ ಬಾಯಿಗೆ ಮೊದಲು ಬರುತ್ತಿದ್ದುದೇ ಇಂಗ್ಲಿಷ್. ಈ ಚಿಕ್ಕ ಶಾಲೆಗೆ ಬಂದ ಮೂರನೇ ತಿಂಗಳು ಎದ್ದು ನಿಂತು ಪಾಠ ಓದಿದಳಂತೆ. ಅದಾದ ಮೇಲೆ ಅವಳ ಬಾಯಿ ನಿಲ್ಲಿಸುವುದೇ ಕಷ್ಟವಾಯಿತು.

ಜನವರಿಯಲ್ಲಿ ತಂದೆತಾಯಂದಿರ ಸಭೆ ಕರೆದರು. ಮಗಳು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಿಂದ ನೇರವಾಗಿ ಬಂದಳು. ನಾನು ಯೂನಿಯನ್ ಸಿಟಿಯ ಮನೆಯಿಂದ ನಡೆದು ಹೋದೆ, ಹನ್ನೆರಡು ನಿಮಿಷದ ದಾರಿ. ಹೆಡ್‌ಮಿಸ್ಟ್ರೆಸ್ಸು ಇನ್ನೂ ನಲವತ್ತಾಗದ ಹೆಂಗಸು, ಸುತ್ತುಬಳಸಿಲ್ಲದೆ ವಿಷಯ ಹೇಳಿದರು. ಆರನೇ ತರಗತಿ ತೆರೆಯಲು ಊರಿನ ಆಡಳಿತದ ಒಪ್ಪಿಗೆ ಬೇಕು. ಬೆಳಿಗ್ಗೆ ಕಾರಿನ ಸಾಲು ದೊಡ್ಡ ರಸ್ತೆಯವರೆಗೂ ಬೆಳೆಯುತ್ತಿದೆ ಎಂದು ಅಕ್ಕಪಕ್ಕದವರು ದೂರು ಕೊಟ್ಟಿದ್ದಾರೆ. ಮಾರ್ಚಿನಲ್ಲಿ ಒಂದು ವಾರ, ಯಾವ ದಿನವೆಂದು ಹೇಳದೆ, ನೋಡಲು ಬರುತ್ತಾರೆ. ಸಾಲು ರಸ್ತೆಗೆ ಚಾಚಿದರೆ ಆರನೇ ತರಗತಿ ಇಲ್ಲ. ಆ ಮಕ್ಕಳು ಬೇರೆ ಬೇರೆ ಮಿಡ್ಲ್ ಸ್ಕೂಲಿಗೆ ಹೋಗಬೇಕಾಗುತ್ತದೆ.

ನಮ್ಮ ಪಾಲಿನ ಮಿಡ್ಲ್ ಸ್ಕೂಲಿನಲ್ಲಿ ಸಾವಿರ ಮಕ್ಕಳು. ಇದನ್ನು ಮೊಮ್ಮಗಳು ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದಳು. ಮಾರನೆಯ ದಿನದಿಂದ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು.

ಅದು ಆಮೇಲಿನ ಮಾತು. ಸಭೆಯಲ್ಲಿ ಹೆಡ್‌ಮಿಸ್ಟ್ರೆಸ್ಸು, ಸಾಲು ನೋಡಿಕೊಳ್ಳಲು ಯಾರು ಬರುತ್ತೀರಿ ಎಂದು ಕೇಳಿದಾಗ ಎಲ್ಲರೂ ಫೋನು ನೋಡಿಕೊಂಡರು. ನಾನು ಕೈ ಎತ್ತಿದೆ.

"ಅಪ್ಪ, ಕೈ ಇಳಿಸಿ," ಎಂದಳು ಮಗಳು, ತುಟಿ ಅಲ್ಲಾಡಿಸದೆ.

"ಯಾಕೆ? ಇಷ್ಟೂ ಜನದಲ್ಲಿ ಈ ಕೆಲಸ ಮಾಡಿ ಗೊತ್ತಿರೋನು ನಾನೊಬ್ಬನೇ."

"ಅದಕ್ಕೇ ಹೇಳ್ತಿರೋದು."

ಸೋಮವಾರದಿಂದ ಹತ್ತು ನಿಮಿಷ ಮುಂಚೆಯೇ ಹೋಗಿ ನಿಲ್ಲತೊಡಗಿದೆ. ಮೊದಲ ಮೂರು ದಿನ ಬರೀ ಗಡಿಯಾರ ಹಿಡಿದು ನೋಡಿದೆ. ಒಂದೊಂದೇ ಕಾರು ಬಾಗಿಲ ಮುಂದೆ ನಿಂತು ಮಗುವನ್ನು ಇಳಿಸುತ್ತಿತ್ತು, ಉಳಿದವು ಹಿಂದೆ ಕಾಯುತ್ತಿದ್ದವು. ಚೀಲ ಡಿಕ್ಕಿಯಲ್ಲಿ, ಊಟದ ಡಬ್ಬಿ ಮುಂದಿನ ಸೀಟಿನಲ್ಲಿ, ಶೂ ಲೇಸು ಬಿಚ್ಚಿದ್ದು. ನಾಲ್ಕನೇ ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದೆ. ನಾಲ್ಕು ಕಾರು ಒಟ್ಟಿಗೆ ಒಳಗೆ, ನಾಲ್ಕೂ ಒಟ್ಟಿಗೆ ಖಾಲಿ, ನಾಲ್ಕೂ ಒಟ್ಟಿಗೆ ಹೊರಗೆ. ಒಂದು ಸರದಿಗೆ ಐವತ್ತು ಸೆಕೆಂಡು. ಲೆಕ್ಕ ಸರಿಹೋಗುತ್ತಿತ್ತು.

ಹೊರಗೆ ಹೋಗುವ ತುದಿಯಲ್ಲಿ ಹುಬ್ಬಳ್ಳಿಯ ಇಂಜಿನಿಯರೊಬ್ಬ ನಿಲ್ಲುತ್ತಿದ್ದ. ಅವನ ಮಗನೂ ಐದನೇ ತರಗತಿ. ನನ್ನನ್ನು ಕಾಕಾ ಎಂದು ಕರೆಯುತ್ತಿದ್ದ. ಗೆರೆಗಳನ್ನು ನೋಡಿ, "ಅಲ್ರೀ ಕಾಕಾ, ಇವು ಕಾರ್ ಅದಾವ್ರೀ. ಹಾಸನ-ಬೇಲೂರು ಅಂತ ಬೋರ್ಡು ಬರೀತೀರೇನು ಇನ್ನ?" ಎಂದ.

"ಬರೆದ್ರೆ ನಿನ್ನ ಕಾರಿಗೇ ಮೊದಲು ಬರೀತೀನಿ. ದಿನಾ ಎರಡು ನಿಮಿಷ ಲೇಟು."

"ನಮ್ಮದು ಎಕ್ಸ್‌ಪ್ರೆಸ್ ಅಲ್ರೀ, ಶಟಲ್," ಎಂದು ನಕ್ಕ.

ಸೀಟಿ ತಂದಿದ್ದೆ. ಗೆರೆ ಎಳೆದ ಮಾರನೆಯ ದಿನವೇ ಹೆಡ್‌ಮಿಸ್ಟ್ರೆಸ್ಸು ಬಂದು, ದಯವಿಟ್ಟು ಊದಬೇಡಿ, ಪಕ್ಕದ ಮನೆಯವರು ಅದಕ್ಕೂ ಫೋನು ಮಾಡಿದ್ದಾರೆ ಎಂದರು. ಸೀಟಿ ಜೇಬಿಗೆ ಹೋಯಿತು. ಉಳಿದಿದ್ದು ಕೈ.

ನಾವು ಬಾ ಎಂದು ಕರೆಯುವುದು ಹೇಗೆ? ಕೈ ಮುಂದಕ್ಕೆ ಚಾಚಿ, ಅಂಗೈ ನೆಲದ ಕಡೆ ಮಾಡಿ, ನಾಲ್ಕು ಬೆರಳನ್ನು ಒಟ್ಟಿಗೆ ಕೆಳಕ್ಕೆ ಮಡಚಿ ನಮ್ಮ ಕಡೆ ಎಳೆದುಕೊಳ್ಳುತ್ತೇವೆ. ಮೂವತ್ತೊಂದು ವರ್ಷ ಬಸ್ಸುಗಳನ್ನು ನಾನು ಹಾಗೆಯೇ ಒಳಗೆ ಕರೆದುಕೊಂಡಿದ್ದೆ. ಇಲ್ಲೂ ಹಾಗೆಯೇ ಕರೆದೆ. ನಮ್ಮ ಕಡೆಯವರ ಕಾರುಗಳು ನೇರವಾಗಿ ಬಂದು ಗೆರೆಯ ಮೇಲೆ ನಿಲ್ಲುತ್ತಿದ್ದವು. ಫಿಲಿಪೀನ್ಸಿನ ಅಜ್ಜಿಯೊಬ್ಬರು ನನಗಿಂತ ಚುರುಕಾಗಿ ಬರುತ್ತಿದ್ದರು. ಬೇರೆ ಹಲವರು ಮಾತ್ರ ನನ್ನ ಕೈ ಕಂಡೊಡನೆ ಬ್ರೇಕು ಹಾಕುತ್ತಿದ್ದರು. ಮುಖ ನೋಡುತ್ತಿದ್ದರು. ಇನ್ನೂ ಜೋರಾಗಿ ಕೈ ಆಡಿಸಿದರೆ ಅಲ್ಲೇ ಕಲ್ಲಾಗುತ್ತಿದ್ದರು. ಮೂರ್ನಾಲ್ಕು ವಾರ ಕಳೆದ ಮೇಲೆ ಅವರು ನನ್ನ ಕಡೆ ನೋಡುವುದನ್ನೇ ಬಿಟ್ಟು, ಮುಂದಿನ ಕಾರು ಚಲಿಸಿದಂತೆ ತಾವೂ ಬರತೊಡಗಿದರು.

ಮನೆಯಲ್ಲಿ ಊಟದ ಹೊತ್ತಿಗೆ ನಾನು ಇದಕ್ಕೆ ಕಾರಣವನ್ನೂ ಕೊಟ್ಟಿದ್ದೆ. ಆ ಜನಕ್ಕೆ ಶಿಸ್ತಿಲ್ಲ, ಹೇಳಿದ ಮಾತು ಕೇಳಿ ಅಭ್ಯಾಸವಿಲ್ಲ ಎಂದಿದ್ದೆ. ಮಗಳು ಅನ್ನ ಕಲಸುತ್ತಾ, "ಸರಿ ಅಪ್ಪ," ಎಂದಿದ್ದಳು. ಮೊಮ್ಮಗಳು ಏನೋ ಹೇಳಿದಳು. ನಾನು ಆಗ ಮಾರನೆಯ ದಿನದ ಸರದಿ ಬರೆಯುತ್ತಿದ್ದೆ.

ಮಾರ್ಚಿನ ಆ ವಾರ ಬಂತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾಲ್ಕೂವರೆಗೆ ಏಳುವವನು ನಾಲ್ಕಕ್ಕೇ ಎದ್ದೆ. ಒಗೆದ ಬಟ್ಟೆಯನ್ನು ಮತ್ತೆ ಮಡಚಿದೆ. ಮೊಮ್ಮಗಳು ತಿಂಡಿಯ ತಟ್ಟೆ ಮುಂದಿಟ್ಟುಕೊಂಡು, ಇವತ್ತು ಬರುತ್ತಾರಾ ಎಂದು ದಿನವೂ ಕೇಳುತ್ತಿದ್ದಳು. "ಬಂದರೆ ಬರಲಿ, ನಿಮ್ಮ ತಾತ ಇಲ್ಲವಾ?" ಎನ್ನುತ್ತಿದ್ದೆ. ಅವಳು ಅರ್ಧ ದೋಸೆ ಬಿಟ್ಟು ಏಳುತ್ತಿದ್ದಳು.

ಮಂಗಳವಾರ ರಸ್ತೆಯ ಆಚೆ ಒಂದು ಬೂದುಬಣ್ಣದ ಕಾರು ನಿಂತಿತ್ತು. ಒಳಗೆ ಹಳದಿ ಅಂಗಿಯ ಹೆಂಗಸು, ತೊಡೆಯ ಮೇಲೆ ರಟ್ಟು, ಕೈಯಲ್ಲಿ ಪೆನ್ನು. ಹುಬ್ಬಳ್ಳಿಯವನು ಆ ತುದಿಯಿಂದ ಹುಬ್ಬು ಹಾರಿಸಿ ತೋರಿಸಿದ. ನಾನು ಆಗಲೇ ನೋಡಿದ್ದೆ.

ಮೊದಲ ಹತ್ತು ನಿಮಿಷ ಗಡಿಯಾರದಂತೆ ನಡೆಯಿತು. ಎಂಟು ಗಂಟೆ ಎರಡು ನಿಮಿಷಕ್ಕೆ, ಸರದಿಯ ಮೊದಲ ಜಾಗಕ್ಕೆ ಒಂದು ಪಿಕಪ್ ಟ್ರಕ್ಕು ಬಂತು. ಹಿಂದೆ ಏಣಿ, ಪೈಪುಗಳು. ಅದನ್ನು ಓಡಿಸುತ್ತಿದ್ದವನ ಮಗಳು ಆ ವಾರವಷ್ಟೇ ಒಂದನೇ ತರಗತಿಗೆ ಸೇರಿದ್ದಳು. ನನ್ನ ಕೈಯನ್ನು ನೋಡದೇ ಇರುವುದು ಆ ಮನುಷ್ಯನಿಗೆ ಇನ್ನೂ ಅಭ್ಯಾಸವಾಗಿರಲಿಲ್ಲ. ಮುಂದೆ ನಾಲ್ಕು ಗೆರೆಯೂ ಖಾಲಿ. ನಾನು ಬಾ ಎಂದೆ. ಅವನು ನಿಂತ. ಮತ್ತೆ ಬಾ ಎಂದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ. ನಾನು ಎರಡೂ ಕೈ ಚಾಚಿ ಜೋರಾಗಿ ಆಡಿಸಿದೆ. ಅವನು ತಲೆ ಆಡಿಸಿ, ಹಿಂದೆ ತಿರುಗಿ ನೋಡಿ, ಟ್ರಕ್ಕನ್ನು ಹಿಂದಕ್ಕೆ ತೆಗೆದುಕೊಳ್ಳತೊಡಗಿದ.

ಹಿಂದಿನ ಕಾರು ಹಾರ್ನು ಹೊಡೆದು ತಾನೂ ಹಿಂದೆ ಸರಿಯಿತು. ಅದರ ಹಿಂದಿನದೂ ಸರಿಯಿತು. ಸಾಲಿನ ಬಾಲ ದೊಡ್ಡ ರಸ್ತೆಗೆ ಚಾಚಿತು. ಅಲ್ಲಿ ಒಂದು ಬಸ್ಸು ನಿಂತುಹೋಯಿತು.

"ಕಾಕಾ, ಏನ್ ಮಾಡಾಕತ್ತೀರಿ? ಅಂವನ್ನ ಹಿಂದ ಕಳಿಸಬ್ಯಾಡ್ರಿ."

"ನಾನು ಬಾ ಅಂತಿದ್ದೀನಿ ಕಣಯ್ಯ."

"ಅಂವಾ ಹೋಗಾಕತ್ತಾನಲ್ರೀ."

ಹಳದಿ ಅಂಗಿಯವಳು ಕಾರಿನಿಂದ ಇಳಿದು ನಿಂತು ಬರೆದುಕೊಳ್ಳುತ್ತಿದ್ದಳು. ನಾನು ಇನ್ನೂ ಕೈ ಆಡಿಸುತ್ತಲೇ ಇದ್ದೆ. ಆಗ ಮೊಮ್ಮಗಳು ಮಕ್ಕಳ ಸಾಲು ಬಿಟ್ಟು ಓಡಿಬಂದು ನನ್ನ ಮಣಿಕಟ್ಟು ಹಿಡಿದಳು. ನಲ್ಲಿ ತಿರುಗಿಸಿದ ಹಾಗೆ ಕೈಯನ್ನು ತಿರುಗಿಸಿ ಅಂಗೈಯನ್ನು ಆಕಾಶದ ಕಡೆ ಮಾಡಿದಳು.

"ಹೀಗೆ ತಾತ. ಯು ಆರ್ ಟೆಲ್ಲಿಂಗ್ ಹಿಮ್ ಗೋ ಬ್ಯಾಕ್."

ತಾನೇ ಮುಂದೆ ನಿಂತು, ಅಂಗೈ ಮೇಲೆ ಮಾಡಿ, ಬೆರಳುಗಳನ್ನು ಎದೆಯ ಕಡೆ ಎಳೆದುಕೊಂಡಳು. ಟ್ರಕ್ಕು ತಕ್ಷಣ ಮುಂದೆ ಬಂತು. ಅದರ ಹಿಂದೆ ಉಳಿದ ಮೂರು. ಟ್ರಕ್ಕಿನವನು ಹಾದು ಹೋಗುವಾಗ ನನಗೆ ಸಾರಿ ಎಂದ. ಕ್ಷಮೆ ಅವನು ಯಾಕೆ ಕೇಳಬೇಕು.

ಮಧ್ಯಾಹ್ನ ಅವಳನ್ನು ಕರೆದುಕೊಂಡು ನಡೆದು ಬರುವಾಗ ಕೇಳಿದೆ. "ನಿನಗೆ ಯಾವಾಗ ಗೊತ್ತಾಯ್ತು ಪುಟ್ಟಿ?"

"ಫಸ್ಟ್ ಡೇ."

"ಮತ್ತೆ ನನಗೆ ಹೇಳಬಾರದಾ?"

"ಹೇಳಿದೆ. ಅಟ್ ಡಿನ್ನರ್. ನೀನು ಬರೀತಾ ಇದ್ದೆ. ಅವರಿಗೆ ಶಿಸ್ತಿಲ್ಲ ಅಂದೆ."

ಶಿಸ್ತು ಎನ್ನುವ ಪದವನ್ನು ಅವಳು ನನ್ನ ಹಾಗೆಯೇ, ಸ್ತು ಒತ್ತಿ ಹೇಳಿದಳು. ಎರಡು ಬೀದಿ ದಾಟಿದೆವು. ಆಮೇಲೆ ಅವಳೇ ಕೇಳಿದಳು: ಸಾವಿರ ಮಕ್ಕಳ ಶಾಲೆಯಲ್ಲಿ ಒಂದು ತರಗತಿಗೆ ಎಷ್ಟು ಜನ ಇರುತ್ತಾರೆ? ನನಗೆ ಗೊತ್ತಿಲ್ಲ ಎಂದೆ. ಗೊತ್ತಿತ್ತು.

ಉಳಿದ ದಿನ ಅಂಗೈ ಮೇಲೆ ಮಾಡಿ ಕರೆದೆ. ಸುಲಭವಿರಲಿಲ್ಲ. ನಮ್ಮಲ್ಲಿ ಹಾಗೆ ಕರೆಯುವುದು ಜಗಳಕ್ಕೆ, ಬಾರಯ್ಯ ನೋಡೋಣ ಎಂದು. ದೊಡ್ಡವರನ್ನು ಹಾಗೆ ಕರೆದರೆ ನನ್ನ ತಂದೆ ಕೈ ಮೇಲೆ ಬಾರಿಸುತ್ತಿದ್ದರು. ಹುಬ್ಬಳ್ಳಿಯವನು, "ಕಾಕಾ, ಹಿಂಗ ಕರದ್ರ ನಮ್ಮೂರಾಗ ಹೊಡದಾಟ ಆಗ್ತಾವ್ರೀ," ಎಂದ. ಇಲ್ಲಿ ಹೊಡೆದಾಟವಾಗಲಿಲ್ಲ. ಎಲ್ಲರೂ ಬಂದರು, ನಗುತ್ತಾ ಬಂದರು. ಗುರುವಾರ ಸರದಿ ನಲವತ್ತನಾಲ್ಕು ಸೆಕೆಂಡಿಗೆ ಇಳಿಯಿತು. ಬೂದುಬಣ್ಣದ ಕಾರು ಗುರುವಾರವೂ ಬಂದಿತ್ತು, ಶುಕ್ರವಾರವೂ ಬಂದಿತ್ತು. ಆದರೆ ಮಂಗಳವಾರದ್ದನ್ನು ಅವಳು ಬರೆದುಕೊಂಡಾಗಿತ್ತು. ಬರೆದದ್ದರ ಬೆಲೆ ನನಗೆ ಗೊತ್ತು. ನಾನೂ ಎಷ್ಟೋ ಡ್ರೈವರುಗಳ ಮೇಲೆ ಬರೆದವನು.

ಉತ್ತರಕ್ಕೆ ಆರು ವಾರ ಕಾಯಬೇಕಾಯಿತು. ಮೊಮ್ಮಗಳ ಹೊಟ್ಟೆನೋವು ವಾರಕ್ಕೆ ಎರಡು ಸಲ ಇದ್ದದ್ದು ನಾಲ್ಕಾಯಿತು. ಮಗಳು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೊಟ್ಟೆಯಲ್ಲಿ ಏನೂ ಇಲ್ಲ ಎಂದರಂತೆ. ನಾನು ದಿನವೂ ರೈಲು ನಿಲ್ದಾಣದವರೆಗೆ ನಡೆದು, ಮುಂದಿನ ರೈಲಿಗೆ ಎಷ್ಟು ನಿಮಿಷ ಎಂದು ಬೋರ್ಡು ನೋಡಿ, ಅದು ಬರುವ ತನಕ ನಿಂತು, ವಾಪಸು ಬರುತ್ತಿದ್ದೆ. ಎಲ್ಲಿಗೂ ಹೋಗಬೇಕಾಗಿರಲಿಲ್ಲ.

"ಅಪ್ಪ, ತಪ್ಪು ನಿಮ್ಮೊಬ್ಬರದೇ ಅಂತ ಅಂದ್ಕೋಬೇಡಿ," ಎಂದಳು ಮಗಳು ಒಂದು ದಿನ.

"ಮತ್ತೆ ಇನ್ಯಾರದು ಹೇಳು."

ಅವಳು ಎದ್ದು ಒಲೆಯ ಮೇಲಿನ ಹಾಲು ಇಳಿಸಿದಳು. ಅವಳು ಸುಳ್ಳು ಹೇಳುವವಳಲ್ಲ.

ಮೇ ತಿಂಗಳಲ್ಲಿ ಹೆಡ್‌ಮಿಸ್ಟ್ರೆಸ್ಸು ನನ್ನನ್ನು ಒಳಗೆ ಕರೆದರು. ಆರನೇ ತರಗತಿಗೆ ಒಪ್ಪಿಗೆ ಬಂದಿತ್ತು. ಅವರು ನೋಡಿದ ಮೂರು ದಿನಗಳಲ್ಲಿ ಎರಡು ದಿನ ಸಾಲು ಗೇಟು ದಾಟಿರಲಿಲ್ಲ. ಒಂದು ಷರತ್ತು: ಇನ್ನು ಮುಂದೆ ವಾಹನಗಳಿಗೆ ಕೈ ತೋರಿಸುವವರು ತರಬೇತಿ ಪಡೆದ, ಸಂಬಳದ ನೌಕರರೇ ಆಗಿರಬೇಕು. ಇದು ನಿಮ್ಮ ಬಗ್ಗೆ ಅಲ್ಲ ಎಂದರು ಅವರು.

"ನನ್ನ ಬಗ್ಗೆಯೇ," ಎಂದೆ. "ಪರವಾಗಿಲ್ಲ. ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆ."

ಸರದಿಯ ಪಟ್ಟಿ, ನಿಮಿಷದ ಲೆಕ್ಕ ಎಲ್ಲವನ್ನೂ ಅವರ ಮೇಜಿನ ಮೇಲಿಟ್ಟೆ. ಹೊರಗೆ ಹುಬ್ಬಳ್ಳಿಯವನು ಕಾಯುತ್ತಿದ್ದ. "ಎರಡನೇ ಸಲ ರಿಟೈರ್ ಆದ್ರಿ ಕಾಕಾ. ಹಾರ, ಶಾಲು ತರಸೂಣೇನ್ರೀ?" ಎಂದ. ಅವನ ಮುಖದಲ್ಲಿ ಅವತ್ತು ನಗು ಪೂರ್ತಿ ಇರಲಿಲ್ಲ.

ಆ ಸಂಜೆ ಮೊಮ್ಮಗಳಿಗೆ ಸುದ್ದಿ ಹೇಳಿದೆ. ಮೂರು ದೋಸೆ ತಿಂದಳು. ನಾಲ್ಕನೆಯದಕ್ಕೆ ತಟ್ಟೆ ಮುಂದೆ ಮಾಡಿ, ಮತ್ತೆ ಕಾರ್ ಲೈನು ಯಾರು ಮಾಡುತ್ತಾರೆ ಎಂದು ಕೇಳಿದಳು.

"ಬೇರೆ ಯಾರೋ ಬರ್ತಾರೆ."

"ಅವರು ನಿನ್ನಷ್ಟು ಫಾಸ್ಟಾ?"

"ಗೊತ್ತಿಲ್ಲ. ತಿನ್ನು."

ಆಗಸ್ಟಿನಲ್ಲಿ ಆರನೇ ತರಗತಿಯ ಮೊದಲ ದಿನ ಇಬ್ಬರೂ ನಡೆದು ಹೋದೆವು. ಕಿತ್ತಳೆ ಬಣ್ಣದ ಅಂಗಿ ಹಾಕಿದ ಹುಡುಗಿಯೊಬ್ಬಳು ಗೆರೆಗಳ ಹತ್ತಿರ ನಿಂತಿದ್ದಳು. ಈಗ ಅವು ಬಿಳಿ ಬಣ್ಣದಲ್ಲಿ ಬಳಿದ ಗೆರೆಗಳು. ಅವಳು ಕೈ ತೋರಿಸಿದಂತೆ ಎಲ್ಲ ಕಾರುಗಳೂ ಬಂದವು. ನಾನು ಗಡಿಯಾರ ನೋಡಿದೆ: ಐವತ್ತೆರಡು ಸೆಕೆಂಡು. ಹೇಳಬೇಕೆನಿಸಿತು, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದೆ. ಮೊಮ್ಮಗಳು ಗೇಟಿನೊಳಗೆ ಇಬ್ಬರು ಗೆಳತಿಯರನ್ನು ಕಂಡು, ನಾನು ಚೀಲ ಕೊಡುವ ಮುಂಚೆಯೇ ಏನೋ ಹೇಳಲು ಶುರುಮಾಡಿ, ಚೀಲ ಕಿತ್ತುಕೊಂಡು, ಹೇಳುತ್ತಲೇ ಒಳಗೆ ಹೋದಳು. ನಾನು ಸ್ವಲ್ಪ ಹೊತ್ತು ನಿಂತಿದ್ದು ಮನೆಯ ಕಡೆ ನಡೆದೆ. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಎಂಟು ಇಪ್ಪತ್ತಕ್ಕೇ ಮನೆಯಲ್ಲಿದ್ದೆ. ಅಷ್ಟು ಬೇಗ ಬಂದು ಮಾಡಬೇಕಾದದ್ದೇನೂ ಇರಲಿಲ್ಲ.