ಸೂಗಪ್ಪ ಹಚ್ಚಿದ ಸಿಮೆಂಟು

ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಹೈದರಾಬಾದಿನಲ್ಲಿ ಅಂಗೈಯಗಲ ಜಾಗ ಕಂಡರೂ ಬಿಲ್ಡರುಗಳ ಬಾಯಲ್ಲಿ ನೀರೂರುತ್ತಿತ್ತು. ಸಿಕಂದರಾಬಾದಿನ ನೂರು ವರ್ಷ ದಾಟಿದ ಕನ್ನಡ ಚರ್ಚಿಗೂ ಒಬ್ಬ ಗಂಟುಬಿದ್ದ. ಗೋಡೆಗಳು ತೇವ ಕುಡಿದು ಉಬ್ಬಿದ್ದವು, ಪ್ಲಾಸ್ಟರು ಹಪ್ಪಳದಂತೆ ಎದ್ದುಬರುತ್ತಿತ್ತು. ಕಟ್ಟಡದ ಆಯುಷ್ಯ ಮುಗಿದಿದೆ, ಕೆಡವಿ ಕಾಂಪ್ಲೆಕ್ಸ್ ಕಟ್ಟಿ ಎಂದು ಅವನ ಇಂಜಿನಿಯರು ಬರೆದುಕೊಟ್ಟ. ಭಾನುವಾರ ಸಭೆಯವರು ಹೂಂ ಅಂದರೆ ಮುಗಿಯಿತು.

ಸುದ್ದಿ ಕೇಳಿ ಸನತ್‌ನಗರದಲ್ಲಿ ಗಾರೆ ಕೆಲಸ ಮಾಡುವ ಗೌಂಡಿ ಸೂಗಪ್ಪನ ಕೈಯಲ್ಲಿದ್ದ ಚಹಾ ಆರಿಹೋಯಿತು. ವಿಭೂತಿ ಹಚ್ಚುವ ಮನುಷ್ಯನಿಗೆ ಚರ್ಚಿನ ಉಸಾಬರಿ ಯಾಕೆ ಅಂತೀರಾ? ಇಪ್ಪತ್ತು ವರ್ಷದ ಹಿಂದೆ ಆ ಗೋಡೆಗಳ ಹಳೆಯ ಸುಣ್ಣದ ಗಚ್ಚಿನ ಮೇಲೆ ಸಿಮೆಂಟು ಮೆತ್ತಿದವನೇ ಅವನು. ಆಗ ಸಿಮೆಂಟು ಬಲ್ಲ ಗೌಂಡಿಯ ಗತ್ತೇ ಬೇರೆ. ಗುಲ್ಬರ್ಗದಲ್ಲಿ ಜೀವಮಾನವಿಡೀ ಸುಣ್ಣ ಅರೆದಿದ್ದ ಅಪ್ಪ, "ಸುಣ್ಣದ ಗ್ವಾಡಿನ ಉಸಿರಾಡಾಕ ಬಿಡಬೇಕಲೇ" ಅಂದಿದ್ದ. ಮಗ ನಕ್ಕಿದ್ದ.

ಭಾನುವಾರ ಸೂಗಪ್ಪ ಸಭೆಯ ಮುಂದೆ ಕೈಕಟ್ಟಿ ನಿಂತ.

"ಗ್ವಾಡಿ ಗಟ್ಟಿ ಐತ್ರಿ. ಕೆಡಿಸಿದಾಂವ ನಾನು. ಸಿಮೆಂಟ್ ಹಚ್ಚಿ ಒಳಗಿನ ತ್ಯಾವ ಒಳಗೇ ಕಟ್ಟಿಹಾಕೀನಿ."

"ಇಷ್ಟು ದಿವಸ ಯಾಕ ಹೇಳಲಿಲ್ಲ?" ಎಂದರು ಚರ್ಚಿನ ಕಾರ್ಯದರ್ಶಿ ವಿಜಯಕುಮಾರ.

"ನಾಚಿಕಿ ಬಂತ್ರಿ."

ಬೈಗುಳ ತಿನ್ನಲು ತಯಾರಾಗಿಯೇ ಬಂದಿದ್ದ. ವಿಜಯಕುಮಾರರು ಪಾಸ್ಟರ ಮುಖ ನೋಡಿದರು, ಆಮೇಲೆ, "ಹಂಗಾರ ನೀನೇ ಸರಿಮಾಡು. ಮಳಿಗಾಲ ಮುಗಿದ ಮ್ಯಾಲ ಗ್ವಾಡಿ ಒಣಗಿದ್ರ ಚರ್ಚ್ ಉಳೀತೈತಿ" ಎಂದರು. ಸೂಗಪ್ಪನಿಗೆ ಕಣ್ಣು ತುಂಬಿ ಬಂತು.

ಬೇಸಿಗೆಯುದ್ದಕ್ಕೂ ಅವನು ತಾನು ಮೆತ್ತಿದ್ದನ್ನು ತಾನೇ ಕೆತ್ತಿ ತೆಗೆದ. ಸುಣ್ಣ ನೆನೆಹಾಕಿದ, ಬೆಲ್ಲದ ನೀರು ಬೆರೆಸಿ ಅರೆದ, ತೀರಿಹೋದ ಅಪ್ಪ ಮಾಡುತ್ತಿದ್ದುದನ್ನು ನೆನಪಿಸಿಕೊಂಡು, ಎರಡು ಸಲ ತಪ್ಪಿ, ಮೂರನೇ ಸಲ ಹದ ಹಿಡಿದ. ಚರ್ಚಿನ ಹೆಂಗಸರು ಸರದಿಯ ಮೇಲೆ ಮಜ್ಜಿಗೆ ತಂದುಕೊಟ್ಟರು. ಜೂನಿನಲ್ಲಿ ಶುರುವಾದ ಮಳೆ ಸೆಪ್ಟೆಂಬರ್ ಮುಗಿಯುವವರೆಗೂ ಅವನ ಎದೆ ಡವಗುಟ್ಟಿಸಿತು.

ಅಕ್ಟೋಬರಿನ ಒಂದು ಭಾನುವಾರ ಎಲ್ಲರೆದುರು ವಿಜಯಕುಮಾರರು ಗೋಡೆಗೆ ಅಂಗೈ ಒತ್ತಿ, ತೆಗೆದು ತೋರಿಸಿದರು. ಒಣಗಿತ್ತು. ಬಿಲ್ಡರನ ಇಂಜಿನಿಯರು ಬರೆದುಕೊಟ್ಟಿದ್ದ ಕಾಗದವನ್ನು ಅಲ್ಲೇ ಹರಿದುಹಾಕಿದರು. ಪಾಸ್ಟರು ದೇವರಿಗೆ ಸ್ತೋತ್ರ ಹೇಳಿ, ಸೂಗಪ್ಪನ ಹೆಸರನ್ನೂ ಹೇಳಿದರು.

ಸೂಗಪ್ಪ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಕೆಡಿಸಿದ ಕೈಯನ್ನೇ ನಂಬಿ ಕೆಲಸ ಕೊಟ್ಟರಲ್ಲ, ಆ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ ಅನ್ನಿಸಿತು. ಎಲ್ಲರೂ ಹೋದ ಮೇಲೆ ಎದ್ದು, ಗೋಡೆಗೆ ಕೈಯಿಟ್ಟು ಮೆಲ್ಲಗೆ ಹೇಳಿದ: "ಅಪ್ಪಾ, ಉಸಿರಾಡಾಕತ್ತೈತಿ ನೋಡು."