ತೊಟ್ಟಿಲಲ್ಲಿ ಗುಂಡುಕಲ್ಲು

ಡಿಸೆಂಬರಿನಲ್ಲಿ ಅರಸೀಕೆರೆ ಬಸ್ ನಿಲ್ದಾಣದ ಹೊರಗೆ ಅವರೆಕಾಯಿ ರಾಶಿ ಬೀಳುತ್ತದೆ. ಅದರ ಸೊಗಡಿಗೆ, ನಿಂತಲ್ಲೇ ಗುರುಗುಡುವ ಬಸ್ಸಿನ ಡೀಸೆಲ್ ಹೊಗೆ ಬೆರೆತರೆ ಸಾಕು, ನನ್ನ ತೋಳುಗಳು ಭಾರವಾಗುತ್ತವೆ. ಆ ಭಾರವೊಂದನ್ನು ನಂಬುತ್ತೇನೆ. ಉಳಿದದ್ದನ್ನು ಅಷ್ಟಾಗಿ ನಂಬುವುದಿಲ್ಲ. ಚಿಕ್ಕಂದಿನ ಒಂದು ನಾಟಕದ ಸಂಜೆಯ ಈ ಕತೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ವೇದಿಕೆಯ ಮೇಲೆ ಒಂದೆರಡು ದೀಪ ಹೆಚ್ಚಾಗಿವೆ.

ಮಾದಿಹಳ್ಳಿಯಲ್ಲಿ ಆಗ ನಮ್ಮದೊಂದು ಮನೆಯಿತ್ತು. ನಾನು ಓದುತ್ತಿದ್ದ ಮಿಷನ್ ಶಾಲೆ ಊರಾಚೆ, ಹೊಲಗಳ ನಡುವೆ. ರಾಗಿ ಕೊಯ್ದ ಕೂಳೆಯ ಮೇಲೆ ಜಮಖಾನ ಹಾಸಿ ಕ್ರಿಸ್‌ಮಸ್ ಕಾರ್ಯಕ್ರಮ ಮಾಡುತ್ತಿದ್ದರು. ಆ ವರ್ಷದ ವೈಭವ ಮತ್ತೆ ಯಾವತ್ತೂ ಆಗಲಿಲ್ಲ: ಹಾಸನದಿಂದ ಬಂದ ಕೆಂಪು ಮಖಮಲ್ಲಿನ ಪರದೆ, ಡೀಸೆಲ್ ಜನರೇಟರ್, ವೇದಿಕೆಗೆ ದೊಡ್ಡ ದೀಪ, ತೆಂಗಿನ ಮರಗಳಿಗೆಲ್ಲ ಸುತ್ತಿದ ಬಣ್ಣದ ಬಲ್ಬು, ಟ್ರ್ಯಾಕ್ಟರಿನಲ್ಲಿ ಕೂತು ಬರುವ ಕ್ರಿಸ್‌ಮಸ್ ತಾತ, ಜಾದೂ, ಮಿಂಚುವ ಲಂಗದ ಕುಣಿತ, ಕಡೆಗೆ ಯೇಸು ಹುಟ್ಟಿದ ನಾಟಕ. ಒಂಬತ್ತು ವರ್ಷದ ನಾನೇ ಮರಿಯಮ್ಮ. ಗೋದಲಿಗಿಂತ ತೊಟ್ಟಿಲಿದ್ದರೆ ಚೆಂದ ಎಂದು ನಾಟಕ ಕಲಿಸುತ್ತಿದ್ದ ಲಿಲ್ಲಿ ಟೀಚರ್ ನಮ್ಮ ಮನೆಗೇ ಬಂದು ಕೇಳಿದರು.

ತೊಟ್ಟಿಲು ಅಟ್ಟದ ಮೇಲಿತ್ತು. ಅಪ್ಪನ ತಮ್ಮನ ಹೆಂಡತಿ ಗಿರಿಜ ಚಿಕ್ಕಮ್ಮ ಬಸುರಿಯಾದಾಗ ಅದನ್ನು ಇಳಿಸಿ ಬಣ್ಣ ಹೊಡೆದಿದ್ದರು. ಮಗು ಉಸಿರಿಲ್ಲದೆ ಹುಟ್ಟಿತು. ತೊಟ್ಟಿಲು ಮತ್ತೆ ಅಟ್ಟ ಸೇರಿತು. ಅಂದಿನಿಂದ ಚಿಕ್ಕಮ್ಮ ಹೊಸಿಲು ದಾಟಿರಲಿಲ್ಲ. ಅತ್ತಿರಲೂ ಇಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದಳು, ಕರೆದರೆ ತಿರುಗುತ್ತಿದ್ದಳು. "ಅಳದಿದ್ರೆ ಇವ್ಳು ಉಳಿಯಾಕಿಲ್ಲ ಕಣ್ಲಾ" ಎಂದು ಅಜ್ಜಿ ಚಿಕ್ಕಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಅಜ್ಜಿ ತೊಟ್ಟಿಲು ಕೊಡಲು ಒಪ್ಪಿದಳು. ಆದರೆ ಖಾಲಿ ತೊಟ್ಟಿಲು ಮನೆಯಿಂದ ಹೊರಗೆ ಹೋಗಬಾರದು. ನಮ್ಮ ಕಡೆ ನಾಮಕರಣದಲ್ಲಿ ಮಗುವಿಗಿಂತ ಮೊದಲು ಒರಳಿನ ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಹಾಗೆಯೇ ಅಜ್ಜಿ ಕಲ್ಲು ತೊಳೆದು, ಹಳೇ ಪಂಚೆಯಲ್ಲಿ ಸುತ್ತಿ ಇಟ್ಟಳು. "ಟೀಚರಮ್ಮಂಗೆ ಹೇಳು, ಒಳಗೆ ಗುಂಡೈತೆ, ತಗ್ದು ನಿಮ್ ಗೊಂಬೆ ಮಲಗಿಸ್ಕಳಿ ಅಂತ." ಆಮೇಲೆ ಬಾಗಿಲ ಮರೆಯಲ್ಲಿದ್ದ ಚಿಕ್ಕಮ್ಮನ ಕಡೆ ತಿರುಗಿ, "ನೀನೂ ನಡಿ. ಹುಡುಗಿ ಬಣ್ಣ ಹಚ್ಕೊಂಡು ನಿಲ್ತಾಳೆ, ನೋಡೋರ್ ಬ್ಯಾಡ್ವಾ?" ಎಂದಳು. ಚಿಕ್ಕಪ್ಪ ತೊಟ್ಟಿಲು ಹೊತ್ತು ಹೊರಟ, ಅದರ ಹಿಂದೆ ಚಿಕ್ಕಮ್ಮನೂ ಹೊಸಿಲು ದಾಟಿದಳು.

ನಾನು ಟೀಚರಿಗೆ ಹೇಳಲಿಲ್ಲ. ಪೌಡರು, ತಲೆಯ ಮೇಲಿನ ನೀಲಿ ಸೆರಗು, ಕನ್ನಡಿಯಲ್ಲಿ ಕಂಡ ನನ್ನದಲ್ಲದ ಮುಖ, ಇವುಗಳ ನಡುವೆ ಮರೆತೆ. ಸುತ್ತಿದ ಬಟ್ಟೆ ನೋಡಿ ನಮ್ಮ ಮನೆಯವರೇ ಗೊಂಬೆಯನ್ನೂ ಕಳಿಸಿದ್ದಾರೆ ಎಂದುಕೊಂಡ ಟೀಚರ್ ತಮ್ಮ ಗೊಂಬೆಯನ್ನು ಚೀಲದಲ್ಲೇ ಬಿಟ್ಟರು. ಪರದೆ ಸರಿಯಿತು. ಹಾಡು ಶುರುವಾದಾಗ ಮಗುವನ್ನು ಎತ್ತಲು ಬಾಗಿದೆ. ಏಳಲಿಲ್ಲ. ಹಲ್ಲು ಕಚ್ಚಿ ಎಳೆದೆ. ಕೆಳಗಿನಿಂದ ನಗು ಉಕ್ಕಿತು. "ಮುದ್ದೆ ಉಂಡ್ ಬರಾದಲ್ವೇನವ್ವಾ!" "ಏನ್ಲಾ, ಕೂಸು ಎಮ್ಮೆ ಹಾಲು ಕುಡ್ದೈತಾ!" ಬಟ್ಟೆ ಜಾರಿ ಕರಿ ಕಲ್ಲು ಕಂಡಿತು. ಮೊದಲು ಹೆಂಗಸರ ನಗು ನಿಂತಿತು. ಅದು ಯಾರ ಮನೆಯ ತೊಟ್ಟಿಲು ಎಂದು ಅವರಿಗೆ ಗೊತ್ತಿತ್ತು.

ಇಲ್ಲಿಂದ ಮುಂದೆ ನನ್ನ ಹತ್ತಿರ ಎರಡು ಸಂಜೆಗಳಿವೆ. ನನ್ನದರಲ್ಲಿ ಚಿಕ್ಕಮ್ಮ ಜಮಖಾನದಿಂದ ಎದ್ದು, ಕೂತವರ ನಡುವೆ ದಾರಿ ಮಾಡಿಕೊಂಡು ವೇದಿಕೆ ಹತ್ತುತ್ತಾಳೆ, ಕಲ್ಲಿಗೆ ಬಟ್ಟೆ ಹೊದಿಸಿ ಹೆಗಲಿಗೆ ಹಾಕಿಕೊಳ್ಳುತ್ತಾಳೆ, ಬೆನ್ನು ತಟ್ಟುತ್ತಾಳೆ. ಅವತ್ತು ಜನರ ನಡುವೆ ಕೂತು ನೋಡಿದ್ದ ನನ್ನ ಅಣ್ಣ ಇದನ್ನು ಒಪ್ಪುವುದಿಲ್ಲ. "ಯಾರೂ ಹತ್ಲಿಲ್ಲ ಕಣೇ. ಪರದೆ ಎಳೆದ್ರು. ಅವಳು ಜನರೇಟರ್ ಹತ್ರ ಕೂತಿದ್ಲು, ಕಲ್ಲು ಮಡಿಲಲ್ಲಿತ್ತು" ಎನ್ನುತ್ತಾನೆ. ಅವಳು ಅತ್ತದ್ದು ಮಾತ್ರ ಇಬ್ಬರ ಸಂಜೆಯಲ್ಲೂ ಇದೆ. ಬಾಯಿ ತೆರೆದು, ದನಿ ಬಿಟ್ಟು ಅತ್ತಳು. ಮಕ್ಕಳು ಹಾಡು ನಿಲ್ಲಿಸಲಿಲ್ಲ. ಅಜ್ಜಿ ಯಾರನ್ನೂ ಹತ್ತಿರ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಅಂಗಳಕ್ಕೆ ಬಂದು ಅವರೆಕಾಯಿ ಸುಲಿದಳು.

ಮನೆ ಪಾಲಾಯಿತು, ಆಮೇಲೆ ಬಿತ್ತು. ತೊಟ್ಟಿಲು ಯಾರ ಪಾಲಿಗೆ ಹೋಯಿತೋ ತಿಳಿಯದು, ಗುಂಡುಕಲ್ಲು ನಮ್ಮ ಪಾಲಿಗೆ ಬಂತು. ಹೋದ ವರ್ಷ ಚಿಕ್ಕಮ್ಮ ಹಾಸಿಗೆ ಹಿಡಿದಾಗ ಕೇಳಿಯೇ ಬಿಟ್ಟೆ, ಅವತ್ತು ನೀನು ವೇದಿಕೆ ಹತ್ತಿದೆಯೋ ಇಲ್ಲವೋ ಎಂದು. ಸೂರು ನೋಡುತ್ತಲೇ ಹೇಳಿದಳು:

"ಅದ್ಯಾರಿಗ್ ನೆನಪೈತೆ. ಆ ದೀಪದ ಕಾವಿಗೆ ಕಲ್ಲು ಬೆಚ್ಚಗಿತ್ತು ಕಣೇ. ನನ್ ಕೂಸ್ನ ಕೈಗೆ ಕೊಟ್ಟಾಗ ತಣ್ಣಗಿತ್ತು."

ಕಲ್ಲು ಈಗ ಅರಸೀಕೆರೆಯಲ್ಲಿ ನಮ್ಮ ಹಿತ್ತಲ ಗೋಡೆಗೆ ಒರಗಿದೆ. ಚಿಕ್ಕಮ್ಮ ತೀರಿಹೋದ ಮೇಲಿನ ಮೊದಲ ಡಿಸೆಂಬರ್ ಇದು. ಬಿಸಿಲು ಅದರ ಮೇಲೆ ಸ್ವಲ್ಪ ಹೊತ್ತು ನಿಂತು, ಆಚೆ ಮನೆಯ ಗೋಡೆಗೆ ಸರಿಯುತ್ತದೆ. ಬಿಸಿಲಿರುವಾಗ ಹೋಗಿ ಒಮ್ಮೆ ಮುಟ್ಟುತ್ತೇನೆ. ಸರಿದ ಮೇಲೆ ಆ ಕಡೆ ಹೋಗುವುದಿಲ್ಲ.