ಸಹಿಯ ಮೇಲೆ ಕುಂಕುಮ

ಡೊಂಬಿವಲಿಯ ಗುಣಪಾಲರು ಲೋಕಲ್ ಟ್ರೇನಿನಲ್ಲಿ ಥಾಣೆಯ ಖಾಡಿ ದಾಟಿದ್ದು ಬಿಟ್ಟರೆ ಬೇರೆ ನೀರು ದಾಟಿದವರಲ್ಲ. ಆದರೆ ಗಲ್ಫಿಗೆ ಹೊರಟ ಉಡುಪಿ ಕಡೆಯ ಹುಡುಗರೆಲ್ಲ ಮೊದಲು ಅವರ ಚಾಳಿನ ಮೆಟ್ಟಿಲು ಹತ್ತಬೇಕು! ಶಹಾಡಿನ ಕಾರ್ಖಾನೆಯ ಗುಮಾಸ್ತಿಕೆ ಹೊಟ್ಟೆಪಾಡಿಗೆ. ಅವರ ಖರೇ ಉದ್ಯೋಗ ಅಟೆಸ್ಟೇಶನ್. ಸರ್ಟಿಫಿಕೇಟಿಗೆ ಮೊದಲು ಮುಂಬಯಿಯ ಕಚೇರಿಯ ಮೊಹರು, ಆಮೇಲೆ ದಿಲ್ಲಿಯದ್ದು, ಕೊನೆಗೆ ಆ ದೇಶದವರದ್ದು ಎಂದು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಕೇಳಿದವರು ಕೈಮುಗಿಯುವುದೊಂದು ಬಾಕಿ.

ಎಂಬತ್ತೆರಡನೇ ಇಸವಿಯಲ್ಲಿ ಅವರ ಮಗಳು ಮೋಹಿನಿಗೇ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಕಲ್ಯಾಣದ ನರ್ಸಿಂಗ್ ಹೋಮಿನಲ್ಲಿ ದುಡಿದು ಸುಸ್ತಾದ ಹುಡುಗಿ, ಈ ದಿನಕ್ಕಾಗಿ ವರ್ಷಗಟ್ಟಲೆ ಕಾದಿದ್ದಳು. ಮೊಹರು ಬಿದ್ದ ಸರ್ಟಿಫಿಕೇಟ್ ಎರಡು ತಿಂಗಳೊಳಗೆ ತಲುಪದಿದ್ದರೆ ಕೆಲಸ ಬೇರೆಯವರಿಗೆ. ತಾನೇ ಓಡಾಡುತ್ತೇನೆ ಎಂದಳು. ಊರಿಗೆಲ್ಲ ದಾರಿ ತೋರಿಸಿದ ತಂದೆ ಮನೆಯಲ್ಲಿರುವಾಗಲೇ? ಗುಣಪಾಲರಿಗೆ ಭಾರೀ ಅವಮಾನವಾಯಿತು.

ಶುಭದ ಕಾಗದಕ್ಕೆ ಅರಶಿನ ಕುಂಕುಮ ಹಚ್ಚದೆ ಹೊಸ್ತಿಲು ದಾಟಿಸುವುದು ಅವರ ಮನೆತನದಲ್ಲಿಲ್ಲ. ಮದುವೆ ಕರೆಯೋಲೆ ಹಾಗಿರಲಿ, ರೇಶನ್ ಕಾರ್ಡಿಗೂ ಹಚ್ಚಿದ ಪುಣ್ಯಾತ್ಮರು. ಸರ್ಟಿಫಿಕೇಟನ್ನು ದೇವರ ಮುಂದಿಟ್ಟು ನಾಲ್ಕು ಮೂಲೆಗೂ ಅರಶಿನ ಬಳಿದು, ಅದರ ಮೇಲೆ ಒದ್ದೆ ಕುಂಕುಮದ ಬೊಟ್ಟಿಟ್ಟರು. ನರ್ಸಿಂಗ್ ಕೌನ್ಸಿಲಿನ ರಿಜಿಸ್ಟ್ರಾರರ ಸಹಿ ಇದ್ದದ್ದೂ ಒಂದು ಮೂಲೆಯಲ್ಲೇ. ಅವರಿಗೂ ಮಂಗಳವಾಗಲಿ!

ಮುಂಬಯಿಯ ಅಧಿಕಾರಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. ಸಹಿ ಅರ್ಧ ಮುಚ್ಚಿದೆ, ತಾಳೆ ನೋಡಲಾಗದು, ಸಹಿ ತಮ್ಮದೇ ಎಂದು ನರ್ಸಿಂಗ್ ಕೌನ್ಸಿಲಿನವರಿಂದ ಒಂದು ಪತ್ರ ತನ್ನಿ, ಸಾಕು ಎಂದು ಮರ್ಯಾದೆಯಿಂದಲೇ ಹೇಳಿದ. ಮರ್ಯಾದೆಯ ಮಾತು ನಮ್ಮ ಗುಣಪಾಲರ ಕಿವಿಗೆ ಹೋದರಲ್ಲವೇ? ಇವನಿಗೆ ನಮ್ಮ ಪದ್ಧತಿ ಗೊತ್ತಿಲ್ಲ ಎಂದು ಡೊಂಬಿವಲಿ ಬರುವ ತನಕ ಟ್ರೇನಿನ ಇಡೀ ಡಬ್ಬಿಗೆ ಉಪನ್ಯಾಸ ಕೊಟ್ಟರು.

ಮನೆಗೆ ಬಂದವರು, ಪತ್ರಕ್ಕಾಗಿ ಯಾರು ಅಲೆಯುತ್ತಾರೆ ಎಂದು ಒದ್ದೆ ಬಟ್ಟೆ ತೆಗೆದುಕೊಂಡು ಕುಂಕುಮ ಒರೆಸಿದರು. ಕುಂಕುಮ ಹೋಗಲಿಲ್ಲ, ಸಹಿ ಹೋಯಿತು. ಇನ್ನಷ್ಟು ಉಜ್ಜಿದಾಗ ಸಹಿಯಿದ್ದಲ್ಲಿ ತೂತು ಬಿತ್ತು.

ಇನ್ನು ನಕಲು ಪ್ರತಿಯೇ ಗತಿ, ಅದು ಬರುವುದಕ್ಕೆ ಆರು ತಿಂಗಳು. ಮಸ್ಕತ್ತಿನವರು ಕಾಯಲಿಲ್ಲ. ತಾಯಿ ಅಕ್ಕು ಅತ್ತಳು, ಮೋಹಿನಿ ಅಳಲಿಲ್ಲ. ಎಲ್ಲ ಗ್ರಹಚಾರ ಎಂದು ಗುಣಪಾಲರು ಸಮಾಧಾನ ಹೇಳಲು ಹೋದರು.

"ಅಪ್ಪ, ಗ್ರಹಚಾರದ ಕೈಗೆ ಒದ್ದೆ ಬಟ್ಟೆ ಕೊಟ್ಟದ್ದು ಯಾರು?" ಎಂದಳು ಅವಳು.

ಗುಣಪಾಲರು ಮಗಳ ಮುಖ ನೋಡಲಾಗದೆ ಮಂಚದ ಮೇಲೆ ಕೂತುಬಿಟ್ಟರು.

ಮುಂದಿನ ಭಾನುವಾರ ವಾಶಿಯಿಂದ ಕುಶಲ ಎಂಬ ಹುಡುಗ ಫೈಲು ಹಿಡಿದು ಬಂದ. ದೋಹಾಕ್ಕೆ ಹೋಗುವವನು, ಗುಣಪಾಲಣ್ಣನ ಹತ್ತಿರ ಸ್ವಲ್ಪ ಕೇಳಬೇಕಿತ್ತು ಎಂದ. ಒಂದೇ ಕೋಣೆಯ ಮನೆ. ಎದುರಿಗೇ ಮಂಚ, ಮಂಚದ ಮೇಲೆ ಗುಣಪಾಲರು.

"ಅಪ್ಪ ಮನೆಯಲ್ಲಿಲ್ಲ," ಎಂದಳು ಮೋಹಿನಿ, ಬಾಗಿಲಲ್ಲೇ ನಿಂತು.

ಕುಶಲ ಅವಳ ಹೆಗಲ ಮೇಲಿಂದ ಗುಣಪಾಲರನ್ನು ನೋಡಿದ. ಗುಣಪಾಲರು ಗೋಡೆಯ ಕಡೆಗೆ ತಿರುಗಿ ಕೂತರು.